ಚದುರಿದವರ ಬಹುವಚನ

ನಿನ್ನೆ ಹೊಸದುರ್ಗದ ಬಸ್ಸಿನಲ್ಲಿ ಕುರಿಗಾಹಿಯೊಬ್ಬ ನನ್ನ ಪಕ್ಕದಲ್ಲಿ ಬಂದು ಕುಳಿತ. ಹೆಗಲ ಮೇಲಿನ ಕಂಬಳಿ ಮಳೆಗೆ ನೆನೆದಿತ್ತು. ಒದ್ದೆ ಉಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಮಾತ್ರ ಆಸೆಯಿಂದ ಉಸಿರೆಳೆದುಕೊಂಡೆ. ಅದು ಮಂಜಣ್ಣನ ಕೋಣೆಯ ವಾಸನೆ.

ಮಂಜಣ್ಣ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ, ನಾನು ಕನ್ನಡ. ಒಂದೇ ವಠಾರದಲ್ಲಿ ಅಕ್ಕಪಕ್ಕದ ಬಾಡಿಗೆ ಕೋಣೆಗಳು. ಇಬ್ಬರೂ ಮದುವೆಯ ವಯಸ್ಸು ದಾಟಿದವರು, ಇಬ್ಬರೂ ಆ ಮಾತು ಎತ್ತದವರು. ಅವನ ಮಂಚದ ಮೇಲೆ ಅಪ್ಪನ ಕಂಬಳಿ ಸದಾ ಇರುತ್ತಿತ್ತು. ಭರಮಸಾಗರದ ಕಡೆಯ ಕುರಿ ಸಾಕುವ ಮನೆ ಅವನದು. ಅಪ್ಪ ಹೋದ ಮೇಲೆ ಮಂದೆ ಪಾಲು ಮಾಡುವಾಗ ಮೂವರು ಅಣ್ಣಂದಿರೂ ಜಗಳವಾಡಿ ಮಾತು ಬಿಟ್ಟಿದ್ದರು. ಒಬ್ಬ ಊರಲ್ಲೇ ಉಳಿದ, ಒಬ್ಬ ಹಿರಿಯೂರಿಗೆ ಹೋದ, ಇನ್ನೊಬ್ಬ ಹೊಳಲ್ಕೆರೆಗೆ. ಒಬ್ಬರ ಮನೆಗೆ ಹೋದರೆ ಮಿಕ್ಕಿಬ್ಬರಿಗೆ ಬೇಸರವಾದೀತೆಂದು ಮಂಜಣ್ಣ ಯಾರ ಮನೆಗೂ ಹೋಗುತ್ತಿರಲಿಲ್ಲ.

ರಜೆ ಬಂದರೆ ಅವನು ಕೋಣೆಯಲ್ಲಿ ಕೂತು ಕ್ಲಿಂಗಾನ್ ಕಲಿಯುತ್ತಿದ್ದ. ಅದು ಯಾವ ನಾಡಿನ ನುಡಿ ಎಂದು ಕೇಳಬೇಡಿ. ಸಿನಿಮಾ, ಧಾರಾವಾಹಿಗಳ ಅನ್ಯಗ್ರಹದ ಯೋಧರಿಗಾಗಿ ಯಾರೋ ಕಟ್ಟಿದ ಭಾಷೆ. ಫೋನಿನಲ್ಲಿ ಪಾಠಗಳು ಸಿಗುತ್ತವಂತೆ.

“ನೀವೂ ಕಲೀರಿ ಮೇಷ್ಟ್ರೆ,” ಎಂದ.

“ಕಲ್ತು ಯಾರ ಹತ್ರ ಮಾತಾಡ್ಲಪ್ಪ?”

“ನನ್ನ ಹತ್ರ!”

ಬೇರೆ ಕೆಲಸವಾದರೂ ಏನಿತ್ತು? ಕಲಿತೆ. ಗಂಟಲ ತಳದಿಂದ ಬರುವ ಸದ್ದುಗಳನ್ನು ನಾನು ಅಭ್ಯಾಸ ಮಾಡುವುದು ಕೇಳಿ ಮನೆ ಒಡತಿ ಗಂಗಮ್ಮ ಶುಂಠಿ ಕಷಾಯ ತಂದುಕೊಟ್ಟು, “ಕಫ ಬಾಳ ಕಟ್ಟೈತೆ, ಡಾಕ್ಟ್ರಿಗೆ ತೋರ್ಸ್ರಿ” ಎಂದದ್ದೂ ಉಂಟು. ಬೇಡವೆನ್ನಲು ಮನಸ್ಸು ಬಾರದೆ ಕುಡಿದೆ.

ಹಾಡುಗಾರ, ಮಾಲೆಗಾರ ಎಂದು ‘ಗಾರ’ ಪ್ರತ್ಯಯವನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಕ್ಲಿಂಗಾನಿನಲ್ಲಿ ಕ್ರಿಯಾಪದದ ಬೆನ್ನಿಗೆ ‘ವಿ’ ಹಚ್ಚಿದರೆ ಸಾಕು, ಆ ಕೆಲಸ ಮಾಡುವವನು ಹುಟ್ಟುತ್ತಾನೆ. ‘ವುಮ್’ ಎಂದರೆ ದುಡಿ, ದುಡಿಯುವವನು ‘ವುಮ್‌ವಿ’. ‘ಮೋಬ್’ ಎಂದರೆ ಒಂಟಿಯಾಗಿರು.

“ಹಂಗಾದ್ರೆ ಮೋಬ್‌ವಿ?” ಎಂದೆ.

“ನಾವಿಬ್ರು.”

“ಇಬ್ರು ಅಂದಮೇಲೆ ಬಹುವಚನ ಬೇಕಲ್ಲಪ್ಪ.”

ಅವನು ಮನಸಾರೆ ನಕ್ಕ. ಆಮೇಲೆ ಬಹುವಚನ ಹೇಳಿಕೊಟ್ಟ. ಮಾತು ಬಲ್ಲವರಿಗೆ ‘ಪು’ (ಕೊನೆಗೆ ಗಂಟಲು ತಟ್ಟನೆ ಬಿಗಿಯಬೇಕು, ನನಗದು ಸರಿಯಾಗಿ ಬರುತ್ತಿರಲಿಲ್ಲ), ದೇಹದ ಅಂಗಗಳಿಗೆ ‘ದು’, ಮಿಕ್ಕಿದ್ದಕ್ಕೆಲ್ಲ ‘ಮೇಯ್’. ನಮ್ಮಲ್ಲಿ ಮನುಷ್ಯರಿಗೆ ‘ರು’, ವಸ್ತುಗಳಿಗೆ ‘ಗಳು’ ಇದ್ದ ಹಾಗೆ; ಕಣ್ಣು, ಕೈಗಳಿಗೆಂದೇ ಪ್ರತ್ಯಯ ನಮಗಿಲ್ಲ, ಅಷ್ಟೆ. ಆದರೆ ಮಾತು ಬಲ್ಲವರಿಗೂ ‘ಮೇಯ್’ ಹಚ್ಚಬಹುದು. ಆಗ ಅವರು ಅಲ್ಲೊಬ್ಬರು ಇಲ್ಲೊಬ್ಬರಾಗಿ ಚದುರಿದ್ದಾರೆ ಎಂದರ್ಥ. ‘ಲೋಡ್ನಿ’ ಎಂದರೆ ಸಹೋದರ. ‘ಲೋಡ್ನಿಪು’ ಸಹೋದರರು.

“ಲೋಡ್ನಿಮೇಯ್ ಅಂದ್ರೆ ನಮ್ಮಣ್ಣಂದಿರು,” ಎಂದು ಮಂಜಣ್ಣ ಕಂಬಳಿಯ ಅಂಚು ಸವರಿದ. “ಕನ್ನಡದಾಗೆ ಇದಕ್ಕೊಂದು ಪ್ರತ್ಯಯ ಐತಾ ಮೇಷ್ಟ್ರೆ?”

ಇಲ್ಲವೆಂದೆ.

ಅದೇ ವರ್ಷ ತರಗತಿಯಲ್ಲಿ ಪಾಠ ಮಾಡುತ್ತಲೇ ಅವನು ಕುಸಿದುಬಿದ್ದ. ಲಕ್ವ. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಹೇಳಿದ್ದು ತಿಳಿಯುತ್ತದೆ, ಮಾತು ಹೊರಡುವುದಿಲ್ಲ ಎಂದರು ಡಾಕ್ಟರು. ನಾನು ಮೂವರು ಅಣ್ಣಂದಿರಿಗೂ ಫೋನ್ ಮಾಡಿದೆ. ಮೂವರೂ ಬಂದರು, ಮಂಚದ ಒಂದೊಂದು ಮಗ್ಗುಲಿಗೆ ಒಬ್ಬೊಬ್ಬ ನಿಂತು ತಮ್ಮನನ್ನು ಮಾತ್ರ ನೋಡಿದರು, ಪರಸ್ಪರ ನೋಡಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಬಂದು, “ಪೇಷಂಟ್ ಕಡೆಯವ್ರು ಯಾರು?” ಎಂದಳು.

“ನಾನು,” ಎಂದರು ಮೂವರೂ ಒಟ್ಟಿಗೆ.

ದೊಡ್ಡಣ್ಣ ಮಿಕ್ಕಿಬ್ಬರ ಮುಖ ನೋಡಿ, “ನಾವು ಅಣ್ತಮ್ಮಂದ್ರು ಕಣಮ್ಮ,” ಎಂದು ಟವೆಲಿನಿಂದ ಕಣ್ಣೊರೆಸಿಕೊಂಡ.

ನಾನು ಮಂಜಣ್ಣನ ಕಿವಿಯ ಬಳಿ ಬಗ್ಗಿ “ಲೋಡ್ನಿಪು” ಎಂದೆ. ಅವನ ತುಟಿ ಅಲುಗಿತು. “ಪು,” ಎಂದ, ಕೊನೆಯಲ್ಲಿ ಗಂಟಲನ್ನು ತಟ್ಟನೆ ಬಿಗಿಹಿಡಿದು. ನನ್ನ ಉಚ್ಚಾರಣೆ ತಿದ್ದುತ್ತಿದ್ದ!

ದೊಡ್ಡಣ್ಣ ಅವನನ್ನು ಊರಿಗೆ ಕರೆದೊಯ್ದ. ನನಗೆ ನಿಜಕ್ಕೂ ಸಂತೋಷವಾಗಿತ್ತು. ವಠಾರಕ್ಕೆ ಮರಳಿದ ಮೇಲೆ ಪಕ್ಕದ ಕೋಣೆಯ ಬೀಗ ಕಂಡಾಗ ಆ ಸಂತೋಷವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅಣ್ಣಂದಿರ ನಡುವೆ ನನಗೇನು ಕೆಲಸ ಎಂದುಕೊಂಡು ಇಷ್ಟು ದಿನ ಫೋನನ್ನೂ ಮಾಡದೆ ಸುಮ್ಮನಿದ್ದೆ. ಆ ಭಾಷೆ ಮಾತ್ರ ನನ್ನೊಳಗೇ ಉಳಿದುಬಿಟ್ಟಿತು.

ನಿನ್ನೆ ಬಸ್ಸಿಳಿದವನೇ ಫೋನ್ ಮಾಡಿದೆ. ದೊಡ್ಡಣ್ಣ ಎತ್ತಿದ. “ಈಗ ಮಂದೆ ಜೊತೆ ಅಡ್ಡಾಡ್ತಾನೆ ಮೇಷ್ಟ್ರೆ. ಒಂದೊಂದ್ ಮಾತು ಬರ್ತಾವೆ. ತಡೀರಿ, ಕೊಡ್ತೀನಿ.”

ಕ್ಲಿಂಗಾನಿನಲ್ಲಿ ಹೇಳಲು ಒಂದು ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಆ ಕಡೆಯಿಂದ ಕುರಿಗಳ ಕೂಗು, ಆಮೇಲೆ ಉಸಿರು.

“ಮೇ... ಷ್ಟ್ರೆ. ಊಟ?”

ಜೋಡಿಸಿದ್ದೆಲ್ಲ ಮರೆತುಹೋಯಿತು. “ಇನ್ನೂ ಇಲ್ಲ ಕಣೋ,” ಎಂದೆ.

“ಬ... ರ್ರಿ.”

ಈಗ ಭರಮಸಾಗರದ ಬಸ್ಸಿನಲ್ಲಿ ಕುಳಿತಿದ್ದೇನೆ. ಬೆಳಗಿನ ತಿಂಡಿಯನ್ನೂ ತಿಂದಿಲ್ಲ.