ಮೇಷ್ಟ್ರ ಪ್ಯಾಡ್ ಮತ್ತು ಹೊಸ ಬ್ಯಾಟರಿ

ಆಯುಧಪೂಜೆ ಬಂತೆಂದರೆ ನಮ್ಮ ಮನೆಯ ಯಾವ ಯಂತ್ರಕ್ಕೂ ಉಳಿಗಾಲವಿಲ್ಲ. ನನ್ನ ಗಂಡನದು ವಿನೋಬನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಹಬ್ಬದ ಹಿಂದಿನ ದಿನ ಅಂಗಡಿಯ ಸಾಮಾನನ್ನೆಲ್ಲ ಉಜ್ಜಿ ಮುಗಿಸಿ ಮನೆಗೆ ನುಗ್ಗುತ್ತಾರೆ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಎಲ್ಲದರ ಹೊಟ್ಟೆ ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಹಾರಿಸಿ, ಎಣ್ಣೆ ಬಿಟ್ಟು, ಸವೆದದ್ದನ್ನು ಬದಲಿಸಿ, ಆಮೇಲೆ ವಿಭೂತಿ ಎಳೆದು ಚೆಂಡುಹೂ ಸಿಕ್ಕಿಸಿ ಸಾಲಾಗಿ ಕೂರಿಸುತ್ತಾರೆ. ಕೆಟ್ಟ ಸಾಮಾನಿಗೆ ಪೂಜೆ ಮಾಡಬಾರದು ಎಂಬುದು ಅವರ ಅಪ್ಪನ ಕಾಲದಿಂದ ಬಂದ ಕಟ್ಟಳೆ. ದೇವರಿಗೆ ಕೈಮುಗಿಯುವ ಮೊದಲು ಸ್ಕ್ರೂಡ್ರೈವರ್ ಹಿಡಿಯುವ ಮನೆತನ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ.

ಹೋದ ಹಬ್ಬಕ್ಕೆ ನಾನು ಶಾಮನೂರಿನ ತವರಿಗೆ ಹೋಗಿ ಹೂವು, ಬಾಳೆಕಂದು ಹಿಡಿದು ಮನೆಗೆ ಬಂದಾಗ ಸಾಲಿನ ಕೊನೆಯಲ್ಲಿ ನಾನು ನುಡಿಸುವ ಕೀಬೋರ್ಡ್ ಕೂತಿತ್ತು. ಮೈಯೆಲ್ಲ ಮಿರಮಿರ ಮಿಂಚುತ್ತಿತ್ತು. ಹಣೆಯ ಮೇಲೆ ವಿಭೂತಿ, ನಡುವೆ ಕುಂಕುಮದ ಬೊಟ್ಟು.

"ನೋಡೇ ಇಲ್ಲಿ. ಒಳಗ ಒಂದು ಬಿಲ್ಲೆ ಬ್ಯಾಟ್ರಿ ಬೆಸುಗೆ ಹಾಕಿಟ್ಟಿದ್ರು. ಹಂಗೇ ಬಿಟ್ಟಿದ್ರೆ ಸೋರಿ ಬೋರ್ಡನ್ನೇ ತಿಂತಿತ್ತು. ತೆಗೆದು ಹೊಸಾದು ಹಾಕೀನಿ. ಇನ್ನ ಮೊಮ್ಮಕ್ಳ ಕಾಲಕ್ಕೂ ಬರ್ತೈತೆ," ಎಂದರು ನನ್ನ ಗಂಡ. ಮುಖದಲ್ಲಿ ಮಗುವಿನ ಸಂಭ್ರಮ.

ಬಾಳೆಕಂದು ಕೈಯಿಂದ ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ. ಓಡಿಹೋಗಿ ಸ್ವಿಚ್ ಹಾಕಿದೆ. ಕಿರಿದಾದ ಪರದೆಯ ಮೇಲೆ ಸದ್ದುಗಳ ಹೆಸರಿರಬೇಕಾದ ಕಡೆ ಗೀಟು, ಚೌಕ, ಯಾವ ಭಾಷೆಗೂ ಸೇರದ ಗುರುತುಗಳು. ಒಂದು ಸ್ವರದ ಮನೆ ಒತ್ತಿದೆ. ತಗಡು ಕೆರೆದಂಥ ಸದ್ದು. ಇನ್ನೊಂದು ಒತ್ತಿದೆ. ಅದೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಯಾಕ, ಏನಾತು?" ಎಂದರು ಅವರು.

ಆಗಿದ್ದೇನೆಂದರೆ, ಇಂಥ ಹಳೆಯ ಕೀಬೋರ್ಡುಗಳು ನಾವು ಮಾಡಿಟ್ಟ ಸದ್ದುಗಳನ್ನು ಆ ಬಿಲ್ಲೆ ಬ್ಯಾಟರಿಯ ಬಲದಿಂದಲೇ ನೆನಪಿಟ್ಟುಕೊಳ್ಳುತ್ತವೆ. ಅದನ್ನು ಕಿತ್ತ ಕ್ಷಣ ಎಲ್ಲವೂ ಬಯಲು. ನನ್ನ ಗಂಡನಿಗೆ ಇದು ಹೇಗೆ ಗೊತ್ತಾಗಬೇಕು? ಮೋಟಾರಿಗೆ ನೆನಪಿರುವುದಿಲ್ಲ. ಪ್ರೀತಿಯಿಂದಲೇ ಮಾಡಿದ್ದರು. ಅದಕ್ಕೇ ಬೈಯಲೂ ಬಾಯಿ ಬರಲಿಲ್ಲ, ಅಳಲೂ ಬರಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು.

ಅದರಲ್ಲಿ ನನ್ನ ಸದ್ದುಗಳೂ ಇದ್ದವು. ಅವು ಹೋದರೆ ಹೋಗಲಿ. ಆದರೆ ಮೇಷ್ಟ್ರ ಪ್ಯಾಡ್ ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಮೇಷ್ಟ್ರು ಎಂದರೆ ಹರಿಹರದಲ್ಲಿದ್ದ ನನ್ನ ಗುರುಗಳು. ಹಗಲು ಕಾರ್ಖಾನೆಯಲ್ಲಿ ಕೆಲಸ, ಸಂಜೆ ರಸಮಂಜರಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ಕಾಲೇಜು ಓದುವಾಗ ಹಾಡಲು ಹೋದ ನನ್ನನ್ನು ಅವರೇ ಕೀಬೋರ್ಡಿನ ಮುಂದೆ ಕೂರಿಸಿದ್ದು. ಹಡಗಿನ ಕೆಲಸದಲ್ಲಿದ್ದ ಅವರ ನೆಂಟನೊಬ್ಬ ಇಂಗ್ಲೆಂಡಿನಿಂದ ಒಂದು ಕ್ಯಾಸೆಟ್ ತಂದುಕೊಟ್ಟಿದ್ದ. ಜಂಗಲ್ ಎಂದು ಆ ಸಂಗೀತದ ಹೆಸರು. ಕಾಡೂ ಇಲ್ಲ, ಪ್ರಾಣಿಯೂ ಇಲ್ಲ. ಡ್ರಮ್ಮಿನ ಪೆಟ್ಟುಗಳನ್ನು ಚೂರುಚೂರು ಮಾಡಿ, ಮತ್ತೆ ಜೋಡಿಸಿ, ಅಟ್ಟಿಸಿಕೊಂಡು ಬಂದವರ ಹಾಗೆ ಓಡಿಸುತ್ತಾರೆ. ಅದರ ಮೇಲೆ ಒಟ್ಟಿಗೆ ಹಿಡಿದ ಸ್ವರಗಳ ಗೊಂಚಲೊಂದು ಯಾವ ಅವಸರವೂ ಇಲ್ಲದೆ ಮೆಲ್ಲಗೆ ಎದ್ದು, ಹರಡಿ, ಮೆಲ್ಲಗೆ ಅಡಗುತ್ತದೆ. ಆ ತೇಲುವ ಸದ್ದಿಗೆ ಪ್ಯಾಡ್ ಎನ್ನುತ್ತಾರೆ. ನಮ್ಮ ಆರ್ಕೆಸ್ಟ್ರಾದವರಿಗೆ ಪ್ಯಾಡ್ ಎಂದರೆ ಕೋಲಿನಿಂದ ಬಡಿಯುವ ಕರೆಂಟಿನ ಡ್ರಮ್, ಇದು ಬೇರೆ.

"ಕೆಳಗ ಬಸ್ ಸ್ಟ್ಯಾಂಡು, ಮ್ಯಾಲ ಕೊಂಡಜ್ಜಿ ಕೆರಿ! ಎರಡನ್ನೂ ಒಂದೇ ಹಾಡಿನಾಗ ಹೆಂಗ ಕೂಡಿಸ್ಯಾರ ನೋಡು," ಎಂದು ಮೇಷ್ಟ್ರು ಬೆರಗಾಗಿದ್ದರು. ಆರ್ಕೆಸ್ಟ್ರಾದಲ್ಲಿ ಅದನ್ನು ಕೇಳುವವರು ಯಾರು? ಆದರೂ ಆ ಕೆರೆಯೊಂದು ತಮಗೆ ಬೇಕು ಎಂದು ಹಟ ಹಿಡಿದು, ಕೀಬೋರ್ಡಿನಲ್ಲಿ ತಿದ್ದಿ ತಿದ್ದಿ ಒಂದು ಪ್ಯಾಡ್ ಮಾಡಿಕೊಂಡರು. ಎರಡು ದನಿಗಳನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಒಟ್ಟಿಗೆ ಬಿಟ್ಟು, ಚೂಪೆಲ್ಲ ಸವರಿ ಮಂಕು ಮಾಡಿ, ಬೆರಳೆತ್ತಿದ ಮೇಲೂ ಬಹಳ ಹೊತ್ತು ನಿಲ್ಲುವಂತೆ ಇಟ್ಟಿದ್ದರು.

ಅವರದು ತಗಡಿನ ಮಾಡಿನ ಮನೆ. ಕುಲುಮೆಯೊಳಗೆ ಕೂತಂತೆ ಇರುತ್ತಿತ್ತು. ಬನಿಯನ್ನಿನಲ್ಲಿ ಕೂತು, ತಲೆಯ ಮೇಲೆ ಕಿರುಗುಡುವ ಫ್ಯಾನಿಗೆ ಬೈಯುತ್ತ ನುಡಿಸುತ್ತಿದ್ದರು. ಪಕ್ಕದ ಮನೆಗೂ ಇವರಿಗೂ ಒಂದೇ ಗೋಡೆ. ಗಲಾಟೆ ಎಂದು ಆ ಮನೆಯವರು ಜಗಳಕ್ಕೆ ಬಂದಾಗಿನಿಂದ ಸ್ಪೀಕರ್ ಪೆಟ್ಟಿಗೆಯನ್ನು ಗೋಡೆಗೆ ಒರಗಿಸುವುದು ಬಿಟ್ಟು ನೆಲದ ಮೇಲೆ ಅಂಗಾತ ಮಲಗಿಸಿದ್ದರು. "ಸದ್ದು ಆಕಾಶಕ್ಕ ಹೋಗ್ಲಿ, ಶಿವ ಏನೂ ತಕರಾರು ಮಾಡಂಗಿಲ್ಲ," ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಕೀಬೋರ್ಡನ್ನು ನನ್ನ ಕೈಗಿತ್ತರು. ನಾನು ಅವರನ್ನು ಅಕ್ಕಾ ಎನ್ನುತ್ತೇನೆ. ಅವತ್ತು ಅಕ್ಕ ಹೇಳಿದ್ದು ಒಂದೇ ಮಾತು. "ವರ್ಷದ ಕಾರ್ಯಕ್ಕ ಇದನ್ನ ತಗೊಂಡು ಬಾ ತಂಗಿ. ಫೋಟೋ ಐತೆ, ದನಿ ಇಲ್ಲ. ನನ್ನ ಕೂಡ ಅವ್ರು ಮಾತಾಡಿದ್ದು ಕಮ್ಮಿ, ಆ ಕೆರಿ ಸದ್ದು ನುಡಿಸಿದ್ದೇ ಹೆಚ್ಚು. ಒಂದ್ಸಲ ಕೇಳಿಬಿಡ್ತೀನಿ."

ನಾನು ಆಗಲಿ ಎಂದಿದ್ದೆ. ವರ್ಷದ ಕಾರ್ಯ ದೀಪಾವಳಿಯ ಮಗ್ಗುಲಿಗಿತ್ತು.

ಹಬ್ಬದ ದಿನ ಒಬ್ಬಟ್ಟು ಮಾಡಿದೆನೋ ಇಲ್ಲವೋ ನೆನಪಿಲ್ಲ. ಮಾರನೆಯ ದಿನದಿಂದ ಆ ಸದ್ದನ್ನು ಮತ್ತೆ ಕಟ್ಟಲು ಕೂತೆ. ನನ್ನದೂ ಅದೇ ಹುಚ್ಚು. ಅಡುಗೆ ಮುಗಿಸಿ ಕಂಪ್ಯೂಟರಿನ ಮುಂದೆ ಕೂತು ಜಂಗಲ್ ಹಾಡು ಕಟ್ಟಿ ಅಂತರ್ಜಾಲಕ್ಕೆ ಬಿಡುತ್ತೇನೆ. ಎಲ್ಲೆಲ್ಲಿಯವರೋ ಕೇಳಿ, ಈ ಪ್ಯಾಡ್ ಯಾವ ಕಾಲದ್ದು, ಎಲ್ಲಿ ಸಿಕ್ಕಿತು ಎಂದು ಬರೆಯುತ್ತಾರೆ. ನನ್ನ ಅತ್ತೆ ಮಾತ್ರ ಮಿಕ್ಸಿ ಯಾಕ ಅಷ್ಟೊತ್ತು ಓಡಿಸ್ತಿ ಎಂದು ಕೇಳುತ್ತಾರೆ. ಆ ಹಾಡುಗಳಲ್ಲಿ ಮೇಷ್ಟ್ರ ಪ್ಯಾಡ್ ಇತ್ತು, ನಿಜ. ಆದರೆ ಡ್ರಮ್ಮಿನ ಚೂರುಗಳ ಅಡಿಯಲ್ಲಿ, ತಗ್ಗು ದನಿಯ ಬೇಸ್ ಗುಡುಗಿನೊಳಗೆ. ಬರೀ ಪ್ಯಾಡನ್ನು ಬೇರೆಯಾಗಿ ತೆಗೆದಿಟ್ಟುಕೊಂಡಿರಲಿಲ್ಲ. ಕೀಬೋರ್ಡ್ ಮನೆಯಲ್ಲೇ ಇರುವಾಗ ಯಾರು ತೆಗೆದಿಡುತ್ತಾರೆ? ಈಗ ಪಾಯಸದಿಂದ ಬೆಲ್ಲ ಸೋಸುವ ಕೆಲಸವಾಯಿತು.

ಹಾಡು ಶುರುವಾಗುವ ಮೊದಲು, ಡ್ರಮ್ ಬೀಳುವ ಮುಂಚೆ, ಒಂದು ಉಸಿರಿನಷ್ಟು ಪ್ಯಾಡ್ ಒಂಟಿಯಾಗಿ ಕೇಳುತ್ತಿತ್ತು. ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಎರಡು ದನಿಗಳ ನಡುವಿನ ಬಿರುಕು ಎಷ್ಟೆಂದು ಕಿವಿಯಲ್ಲೇ ಅಳೆದೆ. ಏಳುವುದು ಎಷ್ಟು ನಿಧಾನ, ಅಡಗುವುದು ಎಷ್ಟು ನಿಧಾನ ಎಂದು ಉಸಿರು ಹಿಡಿದು ನೋಡಿದೆ. ಜಂಗಲ್‌ನವರು ಮಾಡುವ ಹಾಗೆ ಇಡೀ ಗೊಂಚಲನ್ನು ಒಂದೇ ಮನೆಗೆ ಕಟ್ಟಿ ಒಂದೇ ಬೆರಳಿನಲ್ಲಿ ನುಡಿಸಿದೆ. ಕ್ಯಾಸೆಟ್ಟಿಗೆ ತುಂಬಿಸಿ, ಆ ಟೇಪಿನ ಬುಸ್ ಸದ್ದಿನ ಸಮೇತ ವಾಪಸ್ ತೆಗೆದೆ. ಹಳೆಯ ಯಂತ್ರಗಳ ಮಬ್ಬು ಬರಲೆಂದು ಸದ್ದಿನ ಗುಣವನ್ನು ಬೇಕೆಂದೇ ಕೆಡಿಸಿದೆ. ಕೊನೆಗೆ ಎಲ್ಲ ಅಳತೆಗಳೂ ಸರಿಬಂದವು. ಅದನ್ನು ಆ ಕೀಬೋರ್ಡಿನೊಳಗೇ ಕೂರಿಸಿದೆ, ಆ ದರಿದ್ರ ಹೊಸ ಬ್ಯಾಟರಿಯ ಬಲದ ಮೇಲೆ.

ಆದರೆ ಅದು ಅದಾಗಿರಲಿಲ್ಲ. ಅಳತೆಯಲ್ಲಿ ಅದೇ, ಕೇಳಿದರೆ ಬೇರೆ. ಕೆರೆಯಿದೆ, ನೀರು ಅಲುಗುವುದಿಲ್ಲ. ನಿಜ ಹೇಳಬೇಕೆಂದರೆ ಕೀಬೋರ್ಡ್ ನಮ್ಮ ಮನೆಗೆ ಬಂದ ದಿನದಿಂದಲೂ ನನಗೆ ಈ ಅನುಮಾನವಿತ್ತು. ಮೇಷ್ಟ್ರ ಮನೆಯಲ್ಲಿ ನಡುಗುತ್ತಿದ್ದ ಆ ದನಿ ನಮ್ಮ ಮನೆಯ ಸ್ಟೂಲಿನ ಮೇಲೆ ನೆಟ್ಟಗೆ ನಿಂತ ಸ್ಪೀಕರಿನಲ್ಲಿ ಯಾಕೋ ಒಣಗಿದಂತೆ ಕೇಳುತ್ತಿತ್ತು. ಅದು ಅವರ ಕೈಗುಣ, ನನ್ನ ಕೈಗೆ ಅಷ್ಟೇ ಎಂದುಕೊಂಡು ಸುಮ್ಮನಿದ್ದೆ.

ಕಾರ್ಯದ ದಿನ ಗಂಡ ತಾವೂ ಬರುತ್ತೇನೆಂದು ಹೊರಟರು. ಅಂಗಡಿಯ ಲಗೇಜ್ ಆಟೋದಲ್ಲಿ, ಹಾಸಿಗೆ ಸುತ್ತಿದ ಕೀಬೋರ್ಡನ್ನು ಬಾಣಂತಿಯಂತೆ ಜೋಪಾನ ಮಾಡಿಕೊಂಡು ಹರಿಹರ ಮುಟ್ಟಿದೆವು.

ಪೂಜೆ ಮುಗಿಯಿತು, ಜಂಗಮರ ಊಟವಾಯಿತು, ನೆಂಟರು ಕೈತೊಳೆದು ಹೊರಟರು. ಉರಿಬಿಸಿಲಿನ ಮಧ್ಯಾಹ್ನ. ಪೂಜೆಯ ದೀಪ ಆರಬಾರದೆಂದು ಬೆಳಗ್ಗೆ ನಿಲ್ಲಿಸಿದ ಫ್ಯಾನನ್ನು ಯಾರೂ ಮತ್ತೆ ಹಾಕಿರಲಿಲ್ಲ. ಮನೆಯಲ್ಲಿ ಉಳಿದದ್ದು ಅಕ್ಕ, ನಾನು, ನನ್ನ ಗಂಡ. ಗೋಡೆಯ ಮೇಲೆ ಹಾರ ಹಾಕಿಕೊಂಡು ಮೇಷ್ಟ್ರು.

ಅವರ ಸ್ಪೀಕರ್ ಪೆಟ್ಟಿಗೆ ಇನ್ನೂ ಅದೇ ಜಾಗದಲ್ಲಿ ಅಂಗಾತ ಮಲಗಿತ್ತು. ಅಕ್ಕ ಅದರ ಮೇಲಿದ್ದ ಮಡಚಿದ ಕಂಬಳಿಯನ್ನು ತೆಗೆದು, ಸೆರಗಿನಲ್ಲಿ ಧೂಳು ಒರೆಸಿದರು. ಎತ್ತಿ ನಿಲ್ಲಿಸಲು ಹೋದ ನನ್ನ ಕೈ ಹಿಡಿದು, "ಹಂಗೇ ಇರ್ಲಿ ಬಿಡವ್ವ, ಪಕ್ಕದ ಮನ್ಯಾಗ ಕೂಸು ಮಲಗೈತೆ," ಎಂದರು.

ನಾನು ನುಡಿಸಿದೆ. ಅವರ ಮೆಚ್ಚಿನ ಗೊಂಚಲು, ಅವರ ಹಾಗೆಯೇ ನಿಧಾನ. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರು.

"ಚೆಂದ ಐತೆ ತಂಗಿ," ಎಂದರು.

ಆ ದನಿಯಲ್ಲಿದ್ದ ಮರ್ಯಾದೆ ನನ್ನನ್ನು ಕೊಂದುಹಾಕಿತು. ಬೀಗರ ಮನೆಯ ಉಪ್ಪಿಲ್ಲದ ಸಾರನ್ನು ಹೊಗಳುವಾಗ ಅಂಥ ದನಿ ಬರುತ್ತದೆ. ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. "ಅಕ್ಕಾ, ಇದು ಅವ್ರದ್ದಲ್ಲ. ಅವ್ರದ್ದು ಅಳಿಸಿ ಹೋತು. ಇದು ನಾನು ಮಾಡಿದ್ದು," ಎಂದೆ.

ಅಕ್ಕ ನನ್ನನ್ನೇ ನೋಡಿದರು. ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಅರ್ಥವಾಗಿತ್ತು.

"ಹೋತಾ?" ಎಂದರು ಅಷ್ಟೇ. ಹೋದ ವರ್ಷ ಆಸ್ಪತ್ರೆಯಿಂದ ಸುದ್ದಿ ಬಂದಾಗಲೂ ಅವರು ಇದೇ ಮಾತನ್ನು ಹೀಗೇ ಕೇಳಿದ್ದರು. ನಾನು ಆಗಲೂ ಅವರ ಪಕ್ಕದಲ್ಲೇ ಇದ್ದೆ.

"ತಪ್ಪು ನಂದ್ರೀ ಅಕ್ಕಾರೆ. ಬ್ಯಾಟ್ರಿ ಕಿತ್ತವ್ನು ನಾನು. ಈಕಿದೇನೂ ಇಲ್ಲ," ಎಂದರು ನನ್ನ ಗಂಡ. ಬೆವರು ಅವರ ಕಿವಿಯ ಪಕ್ಕ ಇಳಿಯುತ್ತಿತ್ತು. ಹೊಸ ಅಂಗಿ ಬೆನ್ನಿಗೆ ಅಂಟಿತ್ತು.

ಅಕ್ಕ ಅವರನ್ನು ನೋಡಿದರು. ಎಂಥ ಸಂಕಟದಲ್ಲೂ ಮನೆಗೆ ಬಂದವರ ಬೆವರು ಕಾಣುವ ಹೆಂಗಸು. "ಅಯ್ಯ, ಎಷ್ಟು ಬೆವೆತೀರಿ, ಸೆಕೆ ಐತೆ, ಕೂಡ್ರಿ ಕೂಡ್ರಿ," ಎನ್ನುತ್ತ ಎದ್ದು ಹೋಗಿ ಫ್ಯಾನ್ ಹಾಕಿದರು. ಅವರ ಮುಖ ನೋಡಲಾರದೆ ನಾನು ತಲೆ ತಗ್ಗಿಸಿಕೊಂಡು ಕೀಬೋರ್ಡಿನ ಮೇಲೆ ಬೆರಳೂರಿದ್ದೆ. ಸುಮ್ಮನೆ ಏನಾದರೂ ಸದ್ದಿರಲಿ ಎಂದು ಅದೇ ಗೊಂಚಲನ್ನು ಒತ್ತಿಹಿಡಿದೆ.

ಫ್ಯಾನ್ ಕಿರುಗುಟ್ಟಿ, ತೂರಾಡಿ, ತಿರುಗಲು ಶುರುಮಾಡಿತು. ಕೆಳಗಿನಿಂದ ಮೇಲೇಳುತ್ತಿದ್ದ ಸದ್ದನ್ನು ಅದರ ರೆಕ್ಕೆಗಳು ಒಂದೊಂದಾಗಿ ತಡೆದು, ಬಿಟ್ಟು, ತಡೆದು, ಬಿಟ್ಟು ಕೆಳಕ್ಕೆ ಕಳಿಸಿದವು. ದನಿ ನಡುಗಿತು. ನೀರು ಅಲುಗಿತು.

ಬೆರಳು ತೆಗೆಯಲೂ ಹೆದರಿಕೆ. ಇಷ್ಟು ದಿನ ನಾನು ಕೈಗುಣ ಎಂದುಕೊಂಡಿದ್ದು, ಅಳತೆ ಹಾಕಿ ಹಾಕಿ ಸೋತದ್ದು, ಈ ಮುರುಕಲು ಫ್ಯಾನೇ? ಮೇಷ್ಟ್ರಿಗಾದರೂ ಇದು ಗೊತ್ತಿತ್ತೇ? ಬೈದು ಬೈದು ಅದರ ಕೆಳಗೇ ಕೂತು ನುಡಿಸುತ್ತಿದ್ದರಲ್ಲ!

ಅಕ್ಕ ಸ್ವಿಚ್ಚಿನ ಮೇಲಿಟ್ಟ ಕೈಯನ್ನು ತೆಗೆದಿರಲಿಲ್ಲ. ಬಾಯಿ ತೆರೆದೇ ಇತ್ತು. ಮೆಲ್ಲಗೆ ತಿರುಗಿ ಮೊದಲು ನನ್ನ ಬೆರಳುಗಳನ್ನು ನೋಡಿದರು, ಆಮೇಲೆ ಫೋಟೋವನ್ನು, ಆಮೇಲೆ ಮಾಡನ್ನು. "ಶಿವನೇ," ಎಂದರು. "ಬಂದ್ರಲ್ಲೇ."

ನನ್ನ ಗಂಡನೂ ತಲೆಯೆತ್ತಿ ಫ್ಯಾನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಹಬ್ಬದ ಹಿಂದಿನ ದಿನದ ಕಳೆ ಬಂದಿತ್ತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅಲ್ಲಿದ್ದ ಸ್ಟೂಲನ್ನು ಕಾಲಿನಿಂದ ಹತ್ತಿರ ಎಳೆದುಕೊಂಡರು. "ಬೇರಿಂಗ್ ಹೋಗೈತೆ ಅಕ್ಕಾರೆ. ಅದ್ಕ ಹಿಂಗ ತೂರಾಡ್ತೈತೆ. ಒಂದೇ ನಿಮಿಷ ಬಿಚ್ಚಿ..."

"ಮುಟ್ಟಬ್ಯಾಡ್ರಿ!"

ಅಕ್ಕನೂ ನಾನೂ ಒಟ್ಟಿಗೇ ಕಿರುಚಿದ್ದೆವು. ಪಕ್ಕದ ಮನೆಯ ಕೂಸು ಎದ್ದು ಅಳತೊಡಗಿತು. ಗಂಡ ಬೆಚ್ಚಿ, ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿ, ಶಾಲೆಯ ಹುಡುಗನಂತೆ ಗೋಡೆಗೆ ಒರಗಿ ನಿಂತರು.

ಅಕ್ಕ ರೆಗ್ಯುಲೇಟರನ್ನು ಒಂದು ಮನೆ ಕೆಳಗಿಳಿಸಿ ಸ್ಪೀಕರಿನ ಪಕ್ಕ ನೆಲದ ಮೇಲೆ ಬಂದು ಕೂತರು. "ಅವ್ರು ಇಷ್ಟಕ್ಕೇ ಇಡ್ತಿದ್ರು," ಎಂದರು. "ಕೈ ತೆಗೀಬ್ಯಾಡ ತಂಗಿ."

ನಾನು ತೆಗೆಯಲಿಲ್ಲ.