ಕೋಡಿನ ಬಣ್ಣ ಹಚ್ಚಿದ ಹೆಣ್ಣು ಹಕ್ಕಿ

ನನಗಾಗ ಅರವತ್ತಮೂರು. ಏಳು ವರ್ಷದ ಹಿಂದಿನ ಮಾತು. ಹಿರೇಬೆಂಡಿಗೇರಿಯಲ್ಲಿ ನಮ್ಮದು ಒಂದೇ ಅಂಗಳಕ್ಕೆ ಎರಡು ಮನೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಗಂಡಂದಿರು ಇಬ್ಬರೂ ಸತ್ತಿದ್ದರು. ನಾವು ಕೂದಲು ಹಿಡಿದು ಹೊಡೆದಾಡಿದವರು. ಅವಳ ಹಣೆಯ ಮೇಲಿನ ಗಾಯ ನನ್ನ ಸೌಟಿನದು. ನನ್ನ ಬಲಗೈ ಕಿರುಬೆರಳು ಇಂದಿಗೂ ನೆಟ್ಟಗಾಗುವುದಿಲ್ಲ, ಅದು ಅವಳ ಹಲ್ಲಿನದು.

ಆ ವರ್ಷ ಅವಳು ಬಚ್ಚಲಲ್ಲಿ ಜಾರಿ ಟೊಂಕ ಮುರಿದುಕೊಂಡಳು. ಇನ್ನು ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಉಣ್ಣುವುದು, ಮಲಗುವುದು ಎಲ್ಲ ಪಡಸಾಲೆಯ ಹೊರಸಿನ ಮೇಲೆ. ಬೇಸರ ಕಳೆಯಲಿ ಎಂದು ಅವಳ ಮಗಳು ಒಂದು ಜೋಡಿ ಫಿಂಚ್ ಹಕ್ಕಿ ತಂದು, ಹೊರಸಿನ ಎದುರು ಪಂಜರ ತೂಗುಹಾಕಿ ಹೋದಳು. ಜೋಳದ ಹೊಲಕ್ಕೆ ಬೀಳುವ ರಾಟವಾಳ ಹಕ್ಕಿಯಷ್ಟೇ ಗಾತ್ರ, ಗುಬ್ಬಿಗಿಂತ ಸಣ್ಣದು. ಹೆಣ್ಣು ನಾಲ್ಕು ತತ್ತಿ ಇಟ್ಟಿತು, ಐದನೆಯದು ಹೊಟ್ಟೆಯಲ್ಲೇ ಸಿಕ್ಕಿಕೊಂಡು ಸತ್ತಿತು. ಇಟ್ಟ ತತ್ತಿಗಳು ಕೊಳೆತವು, ಗಂಡು ಹಕ್ಕಿ ಒಂದೇ ಉಳಿಯಿತು. ಗಂಡ ಸತ್ತಾಗಲೂ ಅಳದವಳು ಅವತ್ತು ಅತ್ತಳು.

"ಅಕ್ಕಾ, ಸವಣೂರಿಂದ ಒಂದು ಹೆಣ್ಣು ತಂದುಕೊಡು. ಒಂದು ಸಲ ಮರಿ ಆಗೂದು ನೋಡಬೇಕು. ಮತ್ತೇನೂ ಕೇಳೂದಿಲ್ಲ."

"ಅಂಗಳದ ತುಂಬ ನನ್ನ ಕೋಳಿಮರಿ ಅದಾವಲ್ಲ, ಅವನ್ನ ನೋಡು."

"ಅವನ್ನ ನೀ ಕೊಯ್ತೀ. ನೋಡಿ ಏನ್ ಮಾಡ್ಲಿ?"

ಅದು ಖರೆ. ಓಣಿಯಲ್ಲಿ ಯಾರ ಮನೆಯ ಕೋಳಿ ಆದರೂ ನನ್ನ ಕೈಗೇ ಬರುತ್ತಿತ್ತು.

ಸವಣೂರಿಗೆ ಹೋದೆ. ಹಕ್ಕಿ ಮಾರುವ ಸಾಹೇಬರು ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದು ತೋರಿಸಿದರು.

"ಗಲ್ಲ ನೋಡ್ರಿ, ದೊಡ್ಡವ್ವ. ಕೆಂಪು ಗಲ್ಲ ಇದ್ದರ ಗಂಡು, ಬೂದಿ ಗಲ್ಲ ಇದ್ದರ ಹೆಣ್ಣು. ಕೊಕ್ಕು ಕರ್ರಗ ಇದ್ದರ ಇನ್ನಾ ಮರಿ, ತಗೋಬ್ಯಾಡ್ರಿ."

"ಹೆಣ್ಣಂತ ಹೇಳಿ ಗಂಡು ಕೊಟ್ಟೀರಿ ಮತ್ತ."

"ಗಂಡಿಗೂ ಅದ ಗುರ್ತು ನೋಡ್ರಿ. ಕೆಂಪು ಗಲ್ಲದ್ದು ಇನ್ನೊಂದು ಬಂತಂದ್ರ ಹರಕೊಂಡು ತಿಂತೈತಿ. ಎರಡು ಗಂಡು ಒಂದ ಪಂಜರದಾಗ ಬಿಡಬ್ಯಾಡ್ರಿ."

"ನನಗ ಹೆಣ್ಣ ಬೇಕು," ಎಂದು ಬೂದಿ ಗಲ್ಲದ ಎರಡು ಆರಿಸಿದೆ. ಒಂದು ಅವಳಿಗೆ, ಒಂದು ನನಗೆ. ಮರಿಯೆಲ್ಲ ಅವಳದೇ ಯಾಕಾಗಬೇಕು?

ಬಸ್ಸಿನಲ್ಲಿ ರಟ್ಟಿನ ಡಬ್ಬಿಯ ತೂತಿನಿಂದ ನೋಡಿದರೆ ಎರಡೂ ಒಂದೇ ಥರ. ನಾಳೆ ತತ್ತಿ ಬಂದಾಗ ಅವಳು ಎಲ್ಲ ನನ್ನದು ಅನ್ನುವವಳೇ. ನಮ್ಮ ಓಣಿಯಲ್ಲಿ ಕೋಳಿಮರಿ ಬದಲಾಗಬಾರದೆಂದು ತಲೆಗೆ ಬಣ್ಣ ಹಚ್ಚುತ್ತೇವೆ. ಎದುರು ಮನೆಯವರದು ಹಸಿರು, ನನ್ನದು ಕೆಂಪು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದದ್ದೇ ಆ ಬಣ್ಣ. ಮನೆಗೆ ಬಂದವಳೇ ಕಡ್ಡಿಗೆ ಅರಿವೆ ಸುತ್ತಿ, ಅದ್ದಿ, ಒಂದರ ತಲೆಗೆ ಹಚ್ಚಿದೆ. ಹಕ್ಕಿ ಕೊಸರಿತು. ಬಣ್ಣ ಎರಡೂ ಗಲ್ಲಕ್ಕೆ ಇಳಿಯಿತು. ಇರಲಿ, ದೂರದಿಂದ ಕಾಣುತ್ತದೆ ಎಂದು ಎರಡನ್ನೂ ಅವಳ ಪಂಜರಕ್ಕೆ ಬಿಟ್ಟೆ.

"ಅಯ್ಯ, ಅದಕ್ಯಾಕ ಬಣ್ಣ?"

"ಇದು ನಂದು ಅಂತ ಗುರ್ತಿಗೆ. ನಿನ್ನ ಬಾಯಿ ನನಗ ಗೊತ್ತಿಲ್ಲೇನು?"

"ಹೊಲ ಪಾಲಾತು, ಮನಿ ಪಾಲಾತು. ಈಗ ಗುಬ್ಬಿನೂ ಪಾಲು ಮಾಡಿದೆಲ್ಲ, ಮುದುಕಿ!"

ನಾನು ನಗುತ್ತಲೇ ಮೇವು ತರಲು ಹೊಲಕ್ಕೆ ಹೋದೆ.

ಬರುವಾಗ ಓಣಿಯ ತುದಿಗೇ ಅವಳ ಚೀರಾಟ ಕೇಳಿಸಿತು. ಹೊರೆ ಒಗೆದು ಓಡಿದೆ. ಅವಳು ಹೊರಸಿನಿಂದ ಕೆಳಗೆ ಬಿದ್ದಿದ್ದಳು. ಪಂಜರದ ಕಡೆಗೆ ತೆವಳುತ್ತ ತಂಬಿಗೆ, ತಾಟು, ಕೈಗೆ ಸಿಕ್ಕಿದ್ದೆಲ್ಲ ಎಸೆದಿದ್ದಳು. ಪಂಜರ ಅಲುಗಾಡುತ್ತಿತ್ತು. ಗಂಡು ನನ್ನ ಹಕ್ಕಿಯನ್ನು ಮೂಲೆಗೆ ಒತ್ತಿ, ಬೆನ್ನೇರಿ ಕೂತು ತಲೆ ಕುಕ್ಕುತ್ತಿತ್ತು. ಒಂದು ಕಣ್ಣು ಹೋಗಿತ್ತು. ನೆತ್ತಿಯ ಚರ್ಮ ಸುಲಿದು ಎಲುಬು ಕಾಣುತ್ತಿತ್ತು. ನವಣೆಯ ಮೇಲೆಲ್ಲ ರಕ್ತ. ಬಣ್ಣ ಯಾವುದು, ರಕ್ತ ಯಾವುದು ತಿಳಿಯಲಿಲ್ಲ.

ಕೈ ಹಾಕಿ ಗಂಡನ್ನು ಹಿಡಿದೆ. ಅದು ನನ್ನ ಬೆರಳು ಕಚ್ಚಿತು. ನನ್ನ ಕೈಗೆ ಒಂದೇ ಕೆಲಸ ಗೊತ್ತು, ಅದನ್ನೇ ಮಾಡಿತು. ಕೋಳಿಯ ಕುತ್ತಿಗೆ ತಿರುವಲು ಜೋರು ಬೇಕು. ಇದಕ್ಕೆ ಬೇಕಾಗಲಿಲ್ಲ.

ನೆಗೆಣ್ಣಿ ನೆಲದ ಮೇಲಿಂದಲೇ, ಬೆಕ್ಕು ಓಡಿಸಲು ಹೊರಸಿಗೆ ಆನಿಸಿಟ್ಟಿದ್ದ ಕೋಲು ಬೀಸಿದಳು. ಮೊಣಕಾಲ ಕೆಳಗೆ ಎರಡು ಬಿದ್ದವು. ನಾನು ಅವಳ ಪಕ್ಕದಲ್ಲೇ ಕುಸಿದು ಕೂತೆ. ಮೂರನೆಯದು ಹೆಗಲಿಗೆ ಬಿತ್ತು.

"ನಿನ್ನ ಕೈಗೆ ಹುಳ ಬೀಳ್ಲಿ! ಅದೇನ್ ಹೆಣ್ಣಂತ ಹೊಡೀತೇನು? ಕೆಂಪು ಗಲ್ಲ ನೋಡಿ ಗಂಡು ಬಂದೈತಿ ಅಂತ ಹೊಡೀತು. ಆ ಗಲ್ಲ ಬರದಾಕಿ ಯಾರು?"

ಸಾಹೇಬರು ಹೇಳಿದ್ದರು, ನಾನು ಎರಡೂ ಕಿವಿಯಿಂದ ಕೇಳಿದ್ದೆ.

"ನನ್ನ ಮರಿ ಕೊಂದಿ, ಅಕ್ಕ," ಎಂದಳು. ಈಗ ಚೀರಲಿಲ್ಲ.

ಕಂಕುಳಿಗೆ ಕೈಕೊಟ್ಟು ಎತ್ತಿ ಹೊರಸಿನ ಮೇಲೆ ಹಾಕಿದೆ. ಎತ್ತುವಾಗಲೂ ಬೆನ್ನಿಗೆ ಗುದ್ದುತ್ತಲೇ ಇದ್ದಳು. ಬಣ್ಣದ ಹಕ್ಕಿ ಸಂಜೆಯೊಳಗೆ ಸತ್ತಿತು. ಎರಡನ್ನೂ ತಿಪ್ಪೆಗೆ ಒಗೆದೆ. ಬಣ್ಣವಿಲ್ಲದ ಹೆಣ್ಣು, ಅವಳದು, ಮೇಲಿನ ಕೋಲಿಗೆ ಅಂಟಿಕೊಂಡು ಕೂತಿತ್ತು. ನೆಗೆಣ್ಣಿ ನಾನು ಕೊಟ್ಟ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಮುಂಜಾನೆ ಎದ್ದವಳೇ ಬಣ್ಣದ ಡಬ್ಬಿಯನ್ನು ಗಟಾರಕ್ಕೆ ಸುರಿದೆ. ಊದಿದ ಕಾಲಿಗೆ ಅರಿವೆ ಕಟ್ಟಿಕೊಂಡು, ರಟ್ಟಿನ ಡಬ್ಬಿ ಬಗಲಲ್ಲಿ ಇಟ್ಟುಕೊಂಡು, ಕೆಂಪು ಗಲ್ಲದ ಒಂದು ಗಂಡು ತರಲು ಸವಣೂರಿನ ಮೊದಲ ಬಸ್ಸು ಹತ್ತಿದೆ.