ಅಜ್ಜಿಯ ಹನ್ನೆರಡು ವೋಲ್ಟ್

ಇವತ್ತು ಬೆಳಿಗ್ಗೆ ಅಮ್ಮ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿದಳು. ಅಜ್ಜಿಯ ಸೀರೆಗೆ ಇಸ್ತ್ರಿ ಆಗಬೇಕಿತ್ತು. ಆ ಪೆಟ್ಟಿಗೆಯ ವೈರಿಗೆ ಹೊರಗಡೆ ನೂಲಿನ ಬಟ್ಟೆ ಸುತ್ತಿದೆ. ಅದು ಬಿಸಿಯಾಗುತ್ತಲೇ ಮನೆಯೆಲ್ಲ ಒಂದು ವಾಸನೆ ಹಬ್ಬಿತು. ಸುಟ್ಟ ಧೂಳು, ರಬ್ಬರು, ಜೊತೆಗೆ ಒಂದಿಷ್ಟು ಒಣಗದ ಟವೆಲ್. ನೀವಾಗಿದ್ದರೆ ಎದ್ದು ಕಿಟಕಿ ತೆಗೆಯುತ್ತಿದ್ದಿರಿ. ನಾವು ಮಾತ್ರ ಒಟ್ಟಿಗೆ ತಲೆಯೆತ್ತಿ, ಯಾರೋ ನೆಂಟರು ಬಂದ ಹಾಗೆ, "ಗಾಡಿ" ಎಂದೆವು.

ನಮ್ಮ ಗಾಡಿಯ ಕತೆಯನ್ನು ನಿಮಗೆ ಹೇಳಲೇಬೇಕು. ಕೋಲ್ಕತ್ತದ ಬೆಹಾಲಾದಲ್ಲಿರುವ ನಮ್ಮ ಓಣಿಯವರಿಗೆ ಹೇಳಿ ಪ್ರಯೋಜನವಿಲ್ಲ. ಅವರು ನಡುವೆ ಬಾಯಿ ಹಾಕಿ ನನಗಿಂತ ದೊಡ್ಡ ಸುಳ್ಳು ಹೇಳುತ್ತಾರೆ, ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅದೊಂದು ಪುಟ್ಟ ಟ್ರಕ್. ಯುದ್ಧದ ಕಾಲದಲ್ಲಿ ಹಡಗು ಹತ್ತಿ ಬಂದದ್ದಂತೆ. ಮುಂದೆ ಕಪ್ಪೆಯ ಮುಖ, ಹಿಂದೆ ಮರದ ಕಟಕಟೆ. ಮುಲ್ಕಿಯಿಂದ ಬ್ಯಾಂಕಿನ ಕೆಲಸಕ್ಕೆಂದು ಕೋಲ್ಕತ್ತಕ್ಕೆ ಬಂದ ನನ್ನ ಅಜ್ಜ ಒಂದು ಭಾನುವಾರ ಹರಾಜಿನ ಅಂಗಡಿಗೆ ಊಟದ ಮೇಜು ಕೊಳ್ಳಲು ಹೋದರು. ಮೇಜು ಸಿಕ್ಕಿತು. ಅದನ್ನು ಮನೆಗೆ ತರಲು ಗಾಡಿ ಬೇಕಲ್ಲ? ಅಂಗಳದಲ್ಲಿ ಈ ಟ್ರಕ್ ನಿಂತಿತ್ತು. ಬಾಡಿಗೆಗೆ ಕೇಳಿದರು. ಮಾರುವುದಕ್ಕೆ ಇಟ್ಟದ್ದು, ಬಾಡಿಗೆಗಲ್ಲ ಎಂದರು. ಬೇರೆ ಯಾರೇ ಆಗಿದ್ದರೂ ಒಂದು ಕೈಗಾಡಿ ಕರೆಯುತ್ತಿದ್ದರು. ಅಜ್ಜ ಟ್ರಕ್ಕನ್ನೇ ಕೊಂಡರು. ಮೇಜು ನಮ್ಮ ಮನೆಯ ಬಾಗಿಲಲ್ಲಿ ತೂರಲಿಲ್ಲ, ಅದೇ ಟ್ರಕ್ಕಿನಲ್ಲಿ ವಾಪಸ್ಸು ಹೋಯಿತು. ನಾವು ಈಗಲೂ ನೆಲದ ಮೇಲೆ ಕುಳಿತು ಉಣ್ಣುತ್ತೇವೆ, ಟ್ರಕ್ ಮಾತ್ರ ಶೆಡ್ಡಿನಲ್ಲಿದೆ. ಇದರಲ್ಲಿ ಒಂದೆರಡು ವಾಕ್ಯ ನನ್ನ ಕೈಯಿಂದ ಸೇರಿದ್ದು. ಯಾವುದೆಂದು ಅಜ್ಜಿಯನ್ನು ಕೇಳಲು ಹೋಗಬೇಡಿ.

ಈ ಗಾಡಿಯ ಕರೆಂಟು ಆರು ವೋಲ್ಟಿನದು. ಈಗಿನ ಗಾಡಿಗಳದ್ದು ಹನ್ನೆರಡು. ಆರು ವೋಲ್ಟ್ ಎಂದರೇನು ಎಂದು ಸುಲಭವಾಗಿ ಹೇಳಿಬಿಡುತ್ತೇನೆ: ಹೆಡ್‌ಲೈಟ್ ಹಾಕಿದರೆ, ಅದು ಹೊತ್ತಿಕೊಂಡಿದೆಯೋ ಇಲ್ಲವೋ ಎಂದು ನೋಡಲು ಬೆಂಕಿಕಡ್ಡಿ ಗೀರಬೇಕು. ಹಾರ್ನ್ ಒತ್ತಿದರೆ ಮುಂದಿನವರು ಸರಿಯುತ್ತಿರಲಿಲ್ಲ, ಪಾಪ ಯಾರಿಗೋ ಹುಷಾರಿಲ್ಲ ಎಂದು ತಿರುಗಿ ನೋಡುತ್ತಿದ್ದರು. ಸ್ಟಾರ್ಟ್ ಮಾಡಲು ಕಾಲಿನಿಂದ ತುಳಿಯುವ ಒಂದು ಗುಂಡಿ ಇತ್ತು. ತುಳಿದರೆ ಇಂಜಿನ್ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಅರ್ಧ ಸುತ್ತು ತಿರುಗಿ, ಮತ್ತೆ ಮುಸುಕು ಎಳೆದುಕೊಳ್ಳುತ್ತಿತ್ತು.

ಆದ್ದರಿಂದ ಹ್ಯಾಂಡಲ್. ನಾನು ಸಣ್ಣವಳಿದ್ದಾಗ ನೋಡಿದ ದೊಡ್ಡ ನಾಟಕವೆಂದರೆ ಅದೇ. ಅಜ್ಜ ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಬಗ್ಗಿ ನಿಲ್ಲುತ್ತಿದ್ದರು. ಒಳಗೆ ಡ್ರೈವರ್ ಸೀಟಿನಲ್ಲಿ ಅಜ್ಜಿ. ಅವಳ ಕಾಲು ಆಕ್ಸಿಲರೇಟರ್ ಮೇಲೆ, ಕಣ್ಣು ಅಜ್ಜನ ಬೋಳುತಲೆಯ ಮೇಲೆ. ಅಜ್ಜ ತಿರುಗಿಸಿ, "ಕೊಡು" ಎನ್ನುವ ಹೊತ್ತಿಗೆ ಅಜ್ಜಿ ಕೊಟ್ಟಾಗಿರುತ್ತಿತ್ತು. ಎಷ್ಟೋ ಸಲ ಅಜ್ಜ ಹೇಳುತ್ತಲೇ ಇರಲಿಲ್ಲ. ಇಂಜಿನ್ ಕೆಮ್ಮಿ, ಉಗುಳಿ, ಕೊನೆಗೆ ಗುಡುಗುಡು ಎಂದಾಗ ಅಜ್ಜ ಬೆವರು ಒರೆಸಿಕೊಂಡು ಬಲಗಡೆಯ ಬಾಗಿಲಿಗೆ ಬರುತ್ತಿದ್ದರು. ಅಜ್ಜಿ ಸೀಟಿನ ಮೇಲೆ ಎಡಕ್ಕೆ ಸರಿಯುತ್ತಿದ್ದಳು. ಲೈಸೆನ್ಸ್ ಇಬ್ಬರಿಗೂ ಇತ್ತು. ಅಜ್ಜನ ಕಣ್ಣಿನ ಆಪರೇಶನ್ ಆದ ಚಳಿಗಾಲ ಪೂರ್ತಿ ಅಜ್ಜಿಯೇ ಓಡಿಸಿದ್ದಳು. ಕಣ್ಣು ಸರಿಯಾಯಿತು, ಅಜ್ಜಿ ಮತ್ತೆ ಎಡಕ್ಕೆ ಸರಿದಳು.

ಅಜ್ಜ ತೀರಿಕೊಂಡ ಮೇಲೆ ಗಾಡಿ ಶೆಡ್ಡಿನಲ್ಲಿ ಸುಮ್ಮನೆ ನಿಂತಿತು. ಪಕ್ಕದ ಓಣಿಯ ಮೆಕ್ಯಾನಿಕ್ ಪೋಲ್ಟುದಾ ಆಗೀಗ ಬಂದು ಎಣ್ಣೆ ನೋಡುತ್ತಿದ್ದ. ನಾನು ಅದರ ಬಾನೆಟ್ಟಿನ ಮೇಲೆ ಕುಳಿತು ಫೋಟೋ ತೆಗೆಸಿಕೊಂಡು ಶಾಲೆಯಲ್ಲಿ ಎಲ್ಲರನ್ನೂ ಉರಿಸುತ್ತಿದ್ದೆ. ಹೀಗೆ ಗಾಡಿಗೂ ಒಂದು ಉದ್ಯೋಗ ಇತ್ತು ಅನ್ನಿ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಲೆಗೆ ರ‍್ಯಾಲಿ ಹೊಕ್ಕಿತು. ಪ್ರತಿ ಚಳಿಗಾಲ ಊರಿನ ಹಳೆಯ ಗಾಡಿಗಳೆಲ್ಲ ಸ್ನಾನ ಮಾಡಿ, ಪೌಡರ್ ಹಚ್ಚಿಕೊಂಡು ಸಾಲಾಗಿ ಹೊರಡುವ ಒಂದು ರ‍್ಯಾಲಿ ಇದೆ. ಅದರಲ್ಲಿ ಎರಡು ಗುಂಪು. ಒಳಗೆ ಏನನ್ನೂ ಬದಲಾಯಿಸದ ಗಾಡಿಗಳದ್ದು ಒರಿಜಿನಲ್ ಗುಂಪು, ಉಳಿದವುಗಳದ್ದು ಉಳಿದ ಗುಂಪು. ಒರಿಜಿನಲ್ ಗುಂಪಿನ ಜಡ್ಜುಗಳು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ವೈರುಗಳನ್ನು ನೋಡುತ್ತಾರಂತೆ, ದಂತವೈದ್ಯರ ಹಾಗೆ. ಅಪ್ಪನೂ ಬ್ಯಾಂಕಿನವರೇ. ಯಾವ ಕಾಗದವನ್ನೂ ಒರಿಜಿನಲ್ ನೋಡದೆ ನಂಬುವವರಲ್ಲ. ಅಜ್ಜನ ಗಾಡಿಯನ್ನು ಅದೇ ಗುಂಪಿನಲ್ಲಿ ನಿಲ್ಲಿಸಬೇಕು ಎಂದು ಹಠ ಹಿಡಿದರು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಜ್ಜಿ ಸಾರು ಬಡಿಸುತ್ತಾ ಹೇಳಿದಳು. "ರ‍್ಯಾಲಿಗೆ ಗಾಡಿ ನಾನು ಓಡಿಸ್ತೇನೆ."

ಅಪ್ಪ ನಕ್ಕರು. ಅಜ್ಜಿ ನಗಲಿಲ್ಲ.

"ಹನ್ನೆರಡು ವೋಲ್ಟ್ ಮಾಡಿಸು. ನಾನು ಒತ್ತಿದ್ರೆ ಅದು ಸ್ಟಾರ್ಟ್ ಆಗ್ಬೇಕು."

"ಹ್ಯಾಂಡಲ್ ನಾನು ಹೊಡೀತೇನೆ ಅಮ್ಮ."

"ಹೊಡ್ದು?"

"ಹೊಡ್ದು... ಮತ್ತೆ ಓಡಿಸ್ತೇನೆ."

"ಅದೇ. ನಾನು ಪುನಃ ಸರೀಬೇಕು. ಈ ಸಲ ನಾನು ಸರೀಲಿಕ್ಕಿಲ್ಲ ಮಗ."

ಅಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. "ವೈರ್ ಎಲ್ಲ ಕಿತ್ತು ಹಾಕಿದ್ರೆ ಅದು ಅಪ್ಪನ ಗಾಡಿ ಅಂತ ಹೇಳ್ಲಿಕ್ಕೆ ಉಂಟಾ?" ಎಂದರು.

"ನಿನ್ನಪ್ಪನಿಗೆ ಹಲ್ಲು ಕಟ್ಟಿಸಿದ್ದು ಮರ್ತೋಯ್ತಾ? ಆಗ ಅವ್ರು ಬೇರೆಯವ್ರಾದ್ರಾ?" ಎಂದು ಅಜ್ಜಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಆವತ್ತಿನಿಂದ ಮನೆಯಲ್ಲಿ ಎರಡು ಪಕ್ಷ. ಅಮ್ಮ ಯಾರ ಪಕ್ಷವೂ ಅಲ್ಲ, ಅವಳಿಗೆ ಶೆಡ್ಡು ಖಾಲಿಯಾದರೆ ಸಾಕು. ನನ್ನ ವೋಟಿಗೆ ಭಾರಿ ಬೇಡಿಕೆ ಬಂತು. ಅಪ್ಪ ಬಿರಿಯಾನಿ ತಂದುಕೊಟ್ಟ ದಿನ ನಾನು ಪರಂಪರೆಯ ಬಗ್ಗೆ ಮಾತಾಡಿದೆ. ಅಜ್ಜಿ ನೀರುದೋಸೆ ಮಾಡಿದ ದಿನ ಪ್ರಗತಿಯ ಬಗ್ಗೆ ಮಾತಾಡಿದೆ. ಅಷ್ಟು ಪ್ರಾಮಾಣಿಕವಾಗಿ ಎರಡೂ ಕಡೆ ಕೆಲಸ ಮಾಡಿದವರು ಈ ಊರಿನ ರಾಜಕೀಯದಲ್ಲೂ ಇರಲಿಕ್ಕಿಲ್ಲ.

ಪೋಲ್ಟುದಾನನ್ನು ಕರೆಸಿದೆವು. ಅವನು ಬಾನೆಟ್ ಎತ್ತಿ, ಬೀಡಿ ಹಚ್ಚಿ, ಅಜ್ಜಿಯ ಕಡೆ ತಿರುಗಿ, "ಮಾಶಿಮಾ, ಏಕ್‌ದಂ ನಯಾ ಕರ್ ದೂಂಗಾ," ಪೂರ್ತಿ ಹೊಸದೇ ಮಾಡಿಕೊಡುತ್ತೇನೆ ಎಂದ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುತ್ತೇನೆ, ಹೊಸ ಬ್ಯಾಟರಿ, ಹೊಸ ಬಲ್ಬು, ಹೊಸ ವೈರು ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಉತ್ಸಾಹ ಬಂದು, ಕೆಳಗಡೆ ನೀಲಿ ಲೈಟು, ಹಿಂದಕ್ಕೆ ಹೋಗುವಾಗ ಮ್ಯೂಸಿಕ್ಕು, ಒಳಗೆ ಫೋನ್ ಚಾರ್ಜರು ಎಂದೂ ಸೇರಿಸಿದ. ಅಪ್ಪ ಗೋಡೆ ಹಿಡಿದುಕೊಂಡರು. ಅಜ್ಜಿ ಚಾರ್ಜರ್ ಬಗ್ಗೆ ಇನ್ನೂ ಸ್ವಲ್ಪ ವಿಚಾರಿಸಿದಳು.

ಕೊನೆಗೆ ಒಂದು ಒಪ್ಪಂದವಾಯಿತು. ನಮ್ಮ ಗಾಡಿಗೆ ಮೊದಲಿನಿಂದಲೂ ವರ್ಷಕ್ಕೆ ಎರಡು ಪೂಜೆ. ವಿಶ್ವಕರ್ಮ ಪೂಜೆಯ ದಿನ ಪೋಲ್ಟುದಾ ಬಂದು ಗೊಂಡೆಹೂವಿನ ಮಾಲೆ ಹಾಕಿ ಹೋಗುತ್ತಾನೆ. ಅದರ ಹೂ ಒಣಗುವ ಹೊತ್ತಿಗೆ ನವಮಿ ಬರುತ್ತದೆ, ನಾವು ಊರಿನ ಕ್ರಮದಂತೆ ಆಯುಧಪೂಜೆ ಮಾಡುತ್ತೇವೆ. ಇಷ್ಟು ಪೂಜೆ ಸಿಕ್ಕಿಯೂ ಸ್ಟಾರ್ಟ್ ಆಗದ ಗಾಡಿ ಇನ್ನೊಂದಿರಲಾರದು. ಆಯುಧಪೂಜೆಯಲ್ಲಿ ಚಕ್ರದಡಿ ನಿಂಬೆಹಣ್ಣು ಇಟ್ಟು, ಗಾಡಿಯನ್ನು ಅದರ ಮೇಲೆ ಓಡಿಸಬೇಕಲ್ಲ? ಒಪ್ಪಂದ ಇಷ್ಟೇ: ಆ ದಿನ ಅಪ್ಪ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಿದರೆ ಆರು ವೋಲ್ಟೇ ಉಳಿಯುತ್ತದೆ. ಆಗದಿದ್ದರೆ ಅಜ್ಜಿ ಹೇಳಿದಂತೆ.

ಅಪ್ಪ ವೀಡಿಯೋ ನೋಡಿ ಅಭ್ಯಾಸ ಮಾಡಿದರು. ಹ್ಯಾಂಡಲ್ ಮುಟ್ಟಿ ಅಲ್ಲ, ಸೋಫಾದ ಮೇಲೆ ಕುಳಿತು.

ನವಮಿಯ ಬೆಳಿಗ್ಗೆ ಓಣಿಯ ದುರ್ಗಾಪೂಜೆಯ ಪೆಂಡಾಲಿನಲ್ಲಿ ಢಾಕ್ ಡೋಲು ಮೊಳಗುತ್ತಿತ್ತು. ಹೊಸ ಬಟ್ಟೆ ಹಾಕಿಕೊಂಡ ಅರ್ಧ ಓಣಿ ದೇವಿಗೆ ಕೈ ಮುಗಿದು ಹಾಗೇ ನಮ್ಮ ಶೆಡ್ಡಿನ ಮುಂದೆ ಬಂದು ನಿಂತಿತು. ಅಜ್ಜಿ ಗಾಡಿಯ ಹಣೆಗೆ ಕುಂಕುಮ ಇಟ್ಟು, ಆರತಿ ಎತ್ತಿ, ಡ್ರೈವರ್ ಸೀಟು ಹತ್ತಿದಳು. ಅಪ್ಪ ಹೊಸ ಜುಬ್ಬದ ತೋಳು ಮಡಚಿದರು. ಮೊದಲನೆಯ ಸಲ ಹ್ಯಾಂಡಲ್ ತಿರುಗಲೇ ಇಲ್ಲ. ಎರಡನೆಯ ಸಲ ಅಪ್ಪ ತಿರುಗಿದರು, ಹ್ಯಾಂಡಲ್ ಅಲ್ಲೇ ಇತ್ತು. ಮತ್ತೊಮ್ಮೆ ಉಸಿರು ಕಟ್ಟಿ ಎಳೆದು, "ಕೊಡು" ಎಂದು ಕೂಗಿದರು. ಅಜ್ಜಿ ಕೊಟ್ಟಳು. ಕೂಗಿದ್ದು ತಡವಾಯಿತೋ, ಕೊಟ್ಟದ್ದು ತಡವಾಯಿತೋ, ಇಂಜಿನ್ ಒಮ್ಮೆ ಸಿಡಿದು ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಅಪ್ಪ ಮಣಿಕಟ್ಟು ಹಿಡಿದುಕೊಂಡು ನೆಲಕ್ಕೆ ಕುಳಿತರು.

ಜನ ಅಂದರೆ ಜನ. ಒಬ್ಬರು ಅಪ್ಪನನ್ನು ಎತ್ತಿದರು, ನಾಲ್ಕು ಜನ ಗಾಡಿಯ ಹಿಂದೆ ಹೋಗಿ ತಳ್ಳಲು ಭುಜ ಕೊಟ್ಟರು. ನಿಂಬೆಹಣ್ಣು ಒಡೆದರೆ ಮುಗಿಯಿತಲ್ಲ ಎಂದು ಅವರ ಲೆಕ್ಕ. ಅಜ್ಜಿ ಹ್ಯಾಂಡ್‌ಬ್ರೇಕ್ ಎಳೆದಳು. "ಮತ್ ಠೇಲೋ," ತಳ್ಳಬೇಡಿ ಎಂದಳು, ಮೆಲ್ಲಗೆ. ನಾಲ್ಕೂ ಜನ ಕೈ ತೆಗೆದರು.

ಅವಳು ಇಳಿದು ಬಂದು ತಂಪು ಪಾನೀಯದ ಅಂಗಡಿಯಿಂದ ಮಂಜುಗಡ್ಡೆ ತರಿಸಿ, ಸೆರಗಿನಲ್ಲಿ ಸುತ್ತಿ ಅಪ್ಪನ ಮಣಿಕಟ್ಟಿಗೆ ಒತ್ತಿದಳು. ನಾನು ಇಲ್ಲೊಂದು ಜೋಕು ಹೇಳಲು ಬಾಯಿ ತೆರೆದಿದ್ದೆ. ಅಜ್ಜಿಯ ಮುಖ ನೋಡಿ ಮುಚ್ಚಿದೆ.

"ನೋಡು ಮಗ," ಎಂದಳು. "ಒರಿಜಿನಲ್ ಒರಿಜಿನಲ್ ಅಂತ ಎಷ್ಟು ದಿನದಿಂದ ಹೇಳ್ತಾ ಇದ್ದಿ. ಈ ಗಾಡಿಯ ಸ್ಟಾರ್ಟರ್ ನಿನ್ನಪ್ಪ. ಅವ್ರು ಹೊರಗೆ, ನಾನು ಒಳಗೆ. ಹಾಗೆ ಸ್ಟಾರ್ಟ್ ಆಗ್ತಿತ್ತು ಅದು. ಅವ್ರು ಹೋದ್ರಲ್ಲ. ಒರಿಜಿನಲ್ ಅಲ್ಲಿಗೇ ಮುಗೀತು. ಬರೀ ವೈರ್ ಇಟ್ಕೊಂಡು ನಾನೆಂತ ಮಾಡ್ಲಿ?"

ಅಪ್ಪ ಮಂಜುಗಡ್ಡೆಯನ್ನು ತಾವೇ ಹಿಡಿದುಕೊಂಡರು. ನೀರು ಅವರ ಹೊಸ ಜುಬ್ಬದ ಮೇಲೆ ಇಳಿಯುತ್ತಿತ್ತು.

"ಹಳೇದನ್ನ ಬಿಸಾಡ್ಬಾರ್ದು," ಎಂದರು.

"ಬಿಸಾಡೂದು ಯಾರು? ಡಬ್ಬದಲ್ಲಿ ಹಾಕಿಡು. ನಾನು ಹೋದ್ಮೇಲೆ ಬೇಕಾದ್ರೆ ಪುನಃ ಹಾಕ್ಸು. ಆಗ ಒಳಗೆ ಕೂತ್ಕೊಳ್ಳಿಕ್ಕೆ ಒಬ್ರನ್ನ ಹುಡುಕ್ಕೋ."

ಕೆಲಸ ಪೋಲ್ಟುದಾನ ಗ್ಯಾರೇಜಿನಲ್ಲಿ ನಡೆಯಿತು. ಎಷ್ಟು ಕಾಲ ನಡೆಯಿತೆಂದರೆ ಆ ಚಳಿಗಾಲದ ರ‍್ಯಾಲಿ ಬಂದು ಹೋಯಿತು, ಮುಂದಿನದೂ ಹೋಯಿತು. ಅಜ್ಜಿ ದಿನಾ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರಿಗೆ ಕುಳಿತು, ನೀಲಿ ಲೈಟು ಬಾರದ ಹಾಗೆ ಕಾವಲು ಕಾದಳು. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ಕಿತ್ತಾಗ ಈ ಇಸ್ತ್ರಿಪೆಟ್ಟಿಗೆಯ ವಾಸನೆ ಗ್ಯಾರೇಜು ತುಂಬಿತು. ಅಪ್ಪ ಒಂದೊಂದು ತುಂಡಿಗೂ ಚೀಟಿ ಅಂಟಿಸಿ ಬಿಸ್ಕತ್ತಿನ ಡಬ್ಬದಲ್ಲಿ ಮಲಗಿಸಿದರು.

ಎಲ್ಲ ಮುಗಿದ ದಿನ ಅಜ್ಜಿ ಗುಂಡಿ ತುಳಿದಳು. ಇಂಜಿನ್ ಒಂದೇ ಸಲಕ್ಕೆ ಹಿಡಿದುಕೊಂಡಿತು. ಯಾರೂ ಬೆವರಲಿಲ್ಲ, ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅಪ್ಪ ಅವರ ಅಪ್ಪನ ಹಾಗೆಯೇ ಬಲಗಡೆಯ ಬಾಗಿಲಿಗೆ ಬಂದು ನಿಂತರು. ಅಜ್ಜಿ ಅವರನ್ನು ನೋಡಿದಳು, ನೋಡುತ್ತಲೇ ಇದ್ದಳು. ಅಪ್ಪ ಗಾಡಿಯ ಮುಂದಿನಿಂದ ಸುತ್ತಿ ಹೋಗಿ ಎಡಗಡೆ ಹತ್ತಿದರು.

ಇವತ್ತು ರ‍್ಯಾಲಿ. ಉಳಿದ ಗುಂಪಿನಲ್ಲಿ, ಡ್ರೈವರ್ ಅಜ್ಜಿ. ಇಸ್ತ್ರಿಯಾದ ಸೀರೆ ಉಟ್ಟು, ಗಾಜು ಒರೆಸಿ ಬರ್ತೇನೆ ಎಂದು ಅವಳು ಮೊದಲೇ ಕೆಳಗೆ ಇಳಿದಳು. ಅಪ್ಪ ಟೋಪಿ ಹುಡುಕುತ್ತಿದ್ದರು. ನಾನು ಕನ್ನಡಿಯ ಮುಂದೆ ಯಾವ ಕೂಲಿಂಗ್ ಗ್ಲಾಸ್ ಹಾಕಿದರೆ ಪತ್ರಿಕೆಯವರು ನನ್ನ ಫೋಟೋ ತೆಗೆಯದೆ ಇರಲಾರರು ಎಂದು ಲೆಕ್ಕ ಹಾಕುತ್ತಿದ್ದೆ. ಕೆಳಗೆ ಇಂಜಿನ್ ಸದ್ದು ಕೇಳಿತು. ಮೊದಲೆಲ್ಲ ಅಜ್ಜ ಹ್ಯಾಂಡಲ್ ಹಿಡಿದ ಮೇಲೆ ನಾವು ಸ್ನಾನ ಮಾಡಿ, ತಿಂಡಿ ತಿಂದು ಇಳಿದರೂ ಸಾಕಿತ್ತು. ಅದೇ ಅಂದಾಜಿನಲ್ಲಿ ನಾವು ಇಳಿದೆವು. ಶೆಡ್ಡು ಖಾಲಿ. ಓಣಿಯಲ್ಲಿ ಒಂದಿಷ್ಟು ನೀಲಿ ಹೊಗೆ. ಮೂಲೆಯ ಚಹಾದವನು ದೊಡ್ಡ ರಸ್ತೆಯ ಕಡೆ ಕೈ ತೋರಿಸಿ, "ಮಾಶಿಮಾ ಚೋಲೇ ಗೇಛೇನ್," ಹೋಗಿಬಿಟ್ಟರು ಎಂದ.

"ಫೋನ್ ಮಾಡು," ಎಂದರು ಅಪ್ಪ.

ಮಾಡಿದೆ. ಅಜ್ಜಿಯ ಫೋನು ಮೇಲೆ ನಮ್ಮ ಅಡುಗೆಮನೆಯಲ್ಲಿ ಹಾಡಿತು.

ಟ್ಯಾಕ್ಸಿ ಹಿಡಿದೆವು. ಅಪ್ಪ ಮುಂದೆ ಕುಳಿತು ಡ್ರೈವರಿಗೆ ಎಲ್ಲಿಗೆ ಎಂದು ಹೇಳುವುದನ್ನೇ ಮರೆತು, ಕತ್ತು ಚಾಚಿ ನೋಡುತ್ತಿದ್ದರು. ಮೆಟ್ರೋ ಕಂಬಗಳ ಉದ್ದಕ್ಕೂ ಮಂಜು ಇಳಿದಿತ್ತು. ಬಸ್ಸುಗಳು ಹತ್ತಿರ ಬಂದ ಮೇಲಷ್ಟೇ ಬಸ್ಸುಗಳಾಗುತ್ತಿದ್ದವು. ಆ ಬಿಳುಪಿನ ನಡುವೆ, ಎಲ್ಲಕ್ಕಿಂತ ಮುಂದೆ, ನಮ್ಮ ಗಾಡಿಯ ಹಿಂದಿನ ಎರಡು ಕೆಂಪು ದೀಪಗಳು ಸ್ಪಷ್ಟವಾಗಿ ಹೋಗುತ್ತಿದ್ದವು.

ಅಪ್ಪ ಸೀಟಿಗೆ ಒರಗಿದರು. "ಎಷ್ಟು ದೂರದಿಂದ ಕಾಣ್ತದೆ ನೋಡು," ಎಂದರು.